ಕಲಾಯಿ ಆಗದ ತಂಬಿಗೆ

ನನ್ನ ಅತ್ತೆ ಅನುಸೂಯಾಬಾಯಿಯವರಿಗೆ ಒಂದು ಕೆಟ್ಟ ಚಟವಿತ್ತು. ಎದುರಿಗೆ ನಿಂತವರಿಗೆ ಮಾತು ಪೂರ್ತಿ ಆಡಲು ಬಿಡುತ್ತಿರಲಿಲ್ಲ. ನಾವು ಅರ್ಧ ಹೇಳುವಷ್ಟರಲ್ಲಿ ಉಳಿದರ್ಧ ತಾವೇ ಹೇಳಿ, ಅದಕ್ಕೆ ಉತ್ತರವನ್ನೂ ತಾವೇ ಕೊಟ್ಟು ಒಳಗೆ ಹೋಗಿಬಿಡುತ್ತಿದ್ದರು. ಮದುವೆಯಾಗಿ ಭಾಲ್ಕಿಯ ಆ ಮನೆಗೆ ಬಂದ ಹೊಸದರಲ್ಲಿ ಒಮ್ಮೆ ನಾನು, ‘ಅತ್ತಿ, ಹಿಟ್ಟಿನಾಗ...’ ಅಂದೆ. ‘ಉಪ್ಪ ಹಾಕೀನಿ, ಗೊತ್ತದ, ನಡಿ’ ಅಂದರು. ನಾನು ಹೇಳಬೇಕೆಂದಿದ್ದು ಹಿಟ್ಟಿನಲ್ಲಿ ಹುಳ ಇವೆ ಎಂದು. ಅವತ್ತು ಮನೆಮಂದಿಯೆಲ್ಲ ಹುಳದ ರೊಟ್ಟಿ ತಿಂದೆವು.

ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಅನ್ನುತ್ತಾರೆ. ಬರೆಯೋಣ, ಆದರೆ ಈ ಚಟ ಬಿಟ್ಟರೆ ಅವರ ಕಥೆಯೇ ಇಲ್ಲ.

ಒಳ್ಳೆಯದೆಂದರೆ ಅವರ ಕೈ. ಓಣಿಯಲ್ಲಿ ಯಾರಿಗೆ ಜ್ವರ ಬಂದರೂ, ಬಾಣಂತಿಗೆ ಬಾಯಿ ಕೆಟ್ಟರೂ, ಹಣ್ಣು ಹಿಡಿದುಕೊಂಡು ಜನ ನಮ್ಮ ಮನೆಗೆ ಬರುತ್ತಿದ್ದರು. ಬೇಸಿಗೆಯಲ್ಲಿ ಫಾಲ್ಸಾ, ಮಳೆಗಾಲ ಮುಗಿಯುವಾಗ ದಾಳಿಂಬೆ, ಮೋಸಂಬಿ. ಮಾವನವರ ಹಳೆಯ ಧೋತರದಿಂದ ಹರಿದ ಒಂದು ಬಿಳಿ ಅರಿವೆ ಮತ್ತು ಎರಡು ಕೈ, ಅಷ್ಟೇ ಸಲಕರಣೆ. ಮೋಸಂಬಿಗೆ ಚಾಕು ಮುಟ್ಟಿಸಬಾರದು, ಹೆಬ್ಬೆರಳಿನಿಂದ ಸುಲಿಯಬೇಕು. ಒಂದೊಂದೇ ತೊಳೆ ಬಿಡಿಸಿ ನಾರು ತೆಗೆಯಬೇಕು, ಬೀಜ ತೆಗೆಯಬೇಕು. ಆಮೇಲೆ ಒದ್ದೆ ಅರಿವೆಯಲ್ಲಿ ಕಟ್ಟಿ ಮೆಲ್ಲಗೆ ತಿರುವಬೇಕು. ನಾನು ವಯಸ್ಸಿನ ಜೋರಿನಲ್ಲಿ ಹಿಂಡಿದರೆ ಕೈಗೆ ಒಂದು ಪೆಟ್ಟು ಕೊಡುತ್ತಿದ್ದರು. ‘ಹಣ್ಣು ಕೊಟ್ಟಿದ್ದಷ್ಟೇ ನಮ್ದು. ಕಸಗೊಂಡಿದ್ದು ಕಹಿ ಆಗ್ತದ’ ಅನ್ನುತ್ತಿದ್ದರು.

ರಸ ಹಿಂಡುವ ಮನೆಗೆ ಕಲಾಯಿಗಾರ ಬೇಕೇ ಬೇಕು. ಆಗ ನಮ್ಮಲ್ಲಿ ಎಲ್ಲ ಹಿತ್ತಾಳೆಯ ಪಾತ್ರೆಗಳು. ಒಳಗೆ ತವರದ ಕಲಾಯಿ ಇಲ್ಲದಿದ್ದರೆ ಹುಳಿ ಸೋಕಿದ ಕೂಡಲೇ ಹಸಿರು ಕಿಲುಬು ಬಿಡುತ್ತದೆ, ರಸವೇ ವಿಷವಾಗುತ್ತದೆ. ನಮ್ಮ ಕಲಾಯಿಗಾರ ಅಯ್ಯುಬ. ಯುಗಾದಿಯ ಮುಂಚೆ ಒಮ್ಮೆ, ದಸರೆಯ ಮುಂಚೆ ಒಮ್ಮೆ ತಿದಿ ಹೊತ್ತುಕೊಂಡು ಬರುತ್ತಿದ್ದ. ಅಂಗಳದ ಬೇವಿನಡಿ ಸಣ್ಣ ಕುಣಿ ತೋಡಿ, ಇದ್ದಿಲು ಹೊತ್ತಿಸಿ, ಕಾದ ಪಾತ್ರೆಗೆ ನವಸಾಗರದ ಪುಡಿ ಎರಚಿದರೆ ಬಿಳಿ ಹೊಗೆ ಏಳುತ್ತಿತ್ತು. ತವರ ಸವರಿ ಅರಳೆಯಿಂದ ಒಂದು ಸುತ್ತು ಒರೆಸಿದನೆಂದರೆ ಒಳಗೆಲ್ಲ ಬೆಳ್ಳಿ. ಕೆಲಸ ಹೆಚ್ಚಿದ್ದಾಗ ಪಾತ್ರೆಗಳನ್ನು ತನ್ನ ಮನೆಗೇ ಒಯ್ದು ಮಾಡಿ ತರುತ್ತಿದ್ದ.

ಅವನು ಬಂದ ದಿನ ಅತ್ತೆ ತಪ್ಪದೆ ಅವನಿಗೂ ರಸ ಹಿಂಡುತ್ತಿದ್ದರು. ಅಂಗಳದ ಗೋಡೆಯ ಗೂಡಿನಲ್ಲಿ ನೀಲಿ ಹೂವಿನ ಚೀನಿ ಮಣ್ಣಿನ ಬಟ್ಟಲೊಂದು ಇರುತ್ತಿತ್ತು. ಅದು ಅಯ್ಯುಬನದು. ಎಂದರೆ ನಮ್ಮದೇ, ಆದರೆ ಅವನಿಗೆಂದು ಹೊರಗೆ ಇಟ್ಟದ್ದು. ಅತ್ತೆ ಮೇಲಿನಿಂದ ಸುರಿಯುತ್ತಿದ್ದರು, ಅವನು ಕುಡಿದು ತಾನೇ ತೊಳೆದು ಬೋರಲು ಹಾಕಿ ಹೋಗುತ್ತಿದ್ದ. ನಮ್ಮ ಮನೆಯ ಪಾತ್ರೆಗಳ ಒಳಮೈಯೆಲ್ಲ ಅವನ ಕೈ ಮುಟ್ಟಿದ್ದೇ. ‘ಕಲಾಯಿಗೆ ಬೆಂಕಿ ತಾಗ್ತದಲ್ಲ, ಎಲ್ಲಾ ಶುದ್ಧ ಆಗ್ತದ’ ಎಂದು ಅತ್ತೆಯ ಸಮಜಾಯಿಷಿ. ಶರಣರ ವಚನ ಬಾಯಿಪಾಠ, ಬಟ್ಟಲು ಮಾತ್ರ ಬೇರೆ. ಆಗ ನನಗೂ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಇನ್ನು ನಮ್ಮವರ ಮಾತು. ಗಂಡನ ಹೆಸರು ಹೇಳಬಾರದು ಅಂತಾರೆ, ಬರೆಯಬಾರದು ಅಂತ ಯಾರೂ ಹೇಳಿಲ್ಲ: ಮಡೆಪ್ಪ. ನಿಜಾಮರ ರಾಜ್ಯ ಭಾರತಕ್ಕೆ ಸೇರಬೇಕು ಎಂದು ಗಡಿಯಾಚೆಯ ಕ್ಯಾಂಪಿಗೆ ಹೋಗಿ ಕೂತಿದ್ದರು. ಅವರನ್ನು ಹುಡುಕಿಕೊಂಡು ನಿಜಾಮರ ಕಡೆಯ ರಜಾಕಾರರು ನಮ್ಮ ಮನೆಗೆ ಎರಡು ಸಲ ಬಂದರು. ಎರಡನೆಯ ಸಲ ಜೋಳದ ವಾಡೆ ಒಡೆದು ಕಾಳೆಲ್ಲ ಅಂಗಳಕ್ಕೆ ಚೆಲ್ಲಿ ಹೋದರು. ಆ ಗುಂಪಿನ ಹಿಂದೆ ಖಾಕಿ ತೊಟ್ಟು ನಿಂತಿದ್ದವನು ಅಯ್ಯುಬನ ತಮ್ಮ ನಜಮೋದ್ದೀನ. ಅವನು ಏನನ್ನೂ ಮುಟ್ಟಲಿಲ್ಲ, ತಲೆ ಸಹ ಎತ್ತಲಿಲ್ಲ. ಆದರೆ ಬಂದಿದ್ದ, ಅದನ್ನು ಓಣಿಯವರೆಲ್ಲ ನೋಡಿದ್ದರು.

ಸಾವಿರದ ಒಂಬೈನೂರ ನಲವತ್ತೆಂಟರ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಬಂದು ಪೊಲೀಸ್ ಆ್ಯಕ್ಷನ್ ಆಯಿತು. ಐದು ದಿನದಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. ಖಾಕಿ ತೊಟ್ಟವರು ಖಾಕಿ ಬಿಚ್ಚಿ ಬಾವಿಗೆ ಎಸೆದರು. ಅದುವರೆಗೆ ಬಾಗಿಲು ಹಾಕಿಕೊಂಡು ನಡುಗುತ್ತಿದ್ದವರು ಬಡಿಗೆ ಹಿಡಿದು ಹೊರಗೆ ಬಂದರು, ಹೊರಗೆ ತಿರುಗುತ್ತಿದ್ದವರ ಮನೆಯ ಬಾಗಿಲು ಮುಚ್ಚಿದವು. ಖಾಕಿ ತೊಟ್ಟವನಿಗೂ ತೊಡದವನಿಗೂ ಆ ದಿನಗಳಲ್ಲಿ ಫರಕು ಮಾಡಿದವರು ಕಡಿಮೆ. ನಾನು ಕಣ್ಣಾರೆ ಕಂಡದ್ದು ಸ್ವಲ್ಪವೇ, ಅಷ್ಟೇ ಸಾಕು.

ಅಂಥ ಒಂದು ಮಧ್ಯಾಹ್ನ ನಮ್ಮ ಬಾಗಿಲು ಬಡಿಯಿತು. ನಾನು ಬೀಸುಕಲ್ಲಿನ ಮುಂದೆ ಇದ್ದೆ. ಅತ್ತೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು.

‘ಬಾಯಾರ, ನಾ ಅಯ್ಯುಬರಿ. ಜರಾ ಬಾಗಿಲ ತೆಗೀರಿ.’

ಅತ್ತೆ ನನ್ನ ಕಡೆ ನೋಡಿ ಕೈಯಾಡಿಸಿದರು, ಸುಮ್ಮನಿರು ಎಂದು. ಎದುರು ಮನೆಯ ಕಟ್ಟೆಯ ಮೇಲೆ ಬಡಿಗೆ ಹಿಡಿದವರು ಆಗಾಗ ಬಂದು ಕೂರುತ್ತಿದ್ದರು. ಅವನಿಗೆ ಬಾಗಿಲು ತೆಗೆದರೆ ಅವರೇನು ಅಂದಾರು, ತೆಗೆಯದಿದ್ದರೆ ಇವನೇನು ಮಾಡ್ಯಾನು, ಎರಡೂ ಹೆದರಿಕೆ ಅವರ ಮುಖದಲ್ಲಿ ಕಾಣುತ್ತಿದ್ದವು.

‘ನಾ ಒಯ್ದಿದ್ದ ನಿಮ್ಮ ತಂಬಿಗಿ ತಂದೀನ್ರಿ. ಎರಡೂ ಅವ. ಕಲಾಯಿ ಆಗ್...’

‘ತಿಳೀತು! ಕಟ್ಟಿಮ್ಯಾಲ ಇಟ್ಟು ಹೋಗು!’ ಎಂದು ಅತ್ತೆ ಒಳಗಿನಿಂದಲೇ ಕೂಗಿದರು.

ಅವನು ಇನ್ನೂ ಏನೋ ಹೇಳಿದ. ಅತ್ತೆ ಮತ್ತೆ, ‘ಹೋಗು ಅಂದ್ನಲ್ಲ, ಹೋಗು!’ ಅಂದರು. ಆ ಕೂಗಿನಲ್ಲಿ ಅವನ ಮಾತು ಮುಳುಗಿತು. ತುಸು ಹೊತ್ತು ಅವನು ಅಲ್ಲಿಯೇ ನಿಂತಿದ್ದ, ಬಾಗಿಲ ಸಂದಿಯಲ್ಲಿ ನೆರಳು ಕಾಣುತ್ತಿತ್ತು. ಆಮೇಲೆ ನೆರಳು ಹೋಯಿತು. ಅವತ್ತೇ ಅವರ ಮನೆಯವರೆಲ್ಲ ಬೀದರಿನ ಕಡೆಗೆ ಹೊರಟುಹೋದರೆಂದು ಮರುದಿನ ತಿಳಿಯಿತು. ಕಟ್ಟೆಯ ಮೇಲೆ ತಿಕ್ಕಿ ತೊಳೆದು ಫಳಫಳ ಹೊಳೆಯುವ ಎರಡು ತಂಬಿಗೆ ಇದ್ದವು. ಒಳಗೆ ತಂದು ಇಟ್ಟವಳು ನಾನೇ.

ದಸರೆಗೆ ಎಂಟು ದಿನ ಇರುವಾಗ ನಮ್ಮವರು ಮನೆಗೆ ಬಂದರು. ಹೂವಿನ ಹಾರ ಹಾಕಿಸಿಕೊಂಡು ಬಂದರು, ಹಾರದ ಕೆಳಗೆ ಮೈ ಕೆಂಡದಂತೆ ಸುಡುತ್ತಿತ್ತು. ಬೀದರಿನಿಂದ ಬಂದ ಡಾಕ್ಟರು ಮೋತಿಜ್ವರ, ಅಂದರೆ ಟೈಫಾಯ್ಡ್, ಎಂದರು. ‘ಇಪ್ಪತ್ತೊಂದು ದಿನ ರೊಟ್ಟಿ ಇಲ್ಲ, ಅನ್ನ ಇಲ್ಲ. ಕರುಳು ಹಸಿ ಅದ, ಹರಿದ್ರ ಮುಗೀತು. ಮೋಸಂಬಿ ರಸ ಒಂದೇ ಕೊಡ್ರಿ, ಎರಡೆರಡು ತಾಸಿಗೆ.’ ಔಷಧಿಗಿಂತ ಅದನ್ನೇ ಮೂರು ಸಲ ಹೇಳಿ ಹೋದರು.

ಔರಾದ ಕಡೆಯ ಡಾಬಕಾದಲ್ಲಿ ಅತ್ತೆಯ ಅಣ್ಣ ಶಿವರಾಜಪ್ಪನವರಿಗೆ ಬಾವಿಯ ದಂಡೆಗೆ ಒಂದಿಷ್ಟು ಮೋಸಂಬಿ ಗಿಡ ಇದ್ದವು. ಸುದ್ದಿ ಮುಟ್ಟಿದ ದಿನವೇ ಅವರು ಬಂಡಿ ಕಟ್ಟಿ ಎರಡು ಗೋಣಿ ಕಳಿಸಿದರು. ಅತ್ತೆ ಬೆಳಗಿನ ಲಿಂಗಪೂಜೆ ಮುಗಿಸಿ ಹಿಂಡಲು ಕೂತರೆ ಒಂದು ತಂಬಿಗೆ ತುಂಬುವವರೆಗೆ ಏಳುತ್ತಿರಲಿಲ್ಲ. ಅದನ್ನು ಹಸಿ ಉಸುಕಿನಲ್ಲಿ ಊರಿ, ಒದ್ದೆ ಅರಿವೆ ಮುಚ್ಚಿ, ಎರಡು ತಾಸಿಗೊಮ್ಮೆ ಬಗ್ಗಿಸಿ ಕೊಡುತ್ತಿದ್ದೆವು. ಒಳಗಿದ್ದ ಹಳೆಯ ಪಾತ್ರೆಗಳ ಕಲಾಯಿ ಸವೆದಿತ್ತು, ಬೆಳ್ಳಿ ಬಟ್ಟಲು ಲೂಟಿಯ ಹೆದರಿಕೆಗೆ ಎಂದೋ ಡಾಬಕಾ ಸೇರಿತ್ತು. ಆದರೂ ಚಿಂತೆ ಇರಲಿಲ್ಲ, ಕಲಾಯಿಗಾರನ ಮನೆಯಿಂದ ಹೊಸದಾಗಿ ಬಂದ ತಂಬಿಗೆ ಎರಡಿದ್ದವಲ್ಲ.

ಮೊದಲನೆಯ ದಿನ ನಮ್ಮವರು ‘ಅವ್ವಾ, ರಸ ಒಂಥರಾ ಒಗರ ಹತ್ತಲತ್ತದ’ ಅಂದರು. ‘ಜ್ವರದ ಬಾಯಿ, ಹಂಗೇ ಇರ್ತದ, ಕುಡಿ’ ಅಂದರು ಅತ್ತೆ. ಎರಡನೆಯ ದಿನ ವಾಂತಿ ಶುರುವಾಯಿತು. ಮೂರನೆಯ ದಿನ ಹೊಟ್ಟೆ ಹಿಡಿದುಕೊಂಡು ಮಗ್ಗುಲಾಗುವುದಕ್ಕೂ ಆಗದೆ ನರಳಿದರು. ತುಟಿ ಕಪ್ಪಿಟ್ಟಿತ್ತು. ಕರುಳು ಹರಿಯಿತು ಅಂತಲೇ ನಾನು ತಿಳಿದೆ. ನನಗಾಗ ಹತ್ತೊಂಬತ್ತು ವರ್ಷ, ಗಂಡನ ಜೊತೆ ಸಂಸಾರ ಮಾಡಿದ್ದು ಎಲ್ಲ ಕೂಡಿ ನಾಲ್ಕು ತಿಂಗಳು. ಅತ್ತೆ ಮಾತ್ರ ಬಿಡಲಿಲ್ಲ. ‘ಕುಡಿ ನನ್ನಪ್ಪ, ಇದೇ ನಿನಗ ಜೀವ’ ಎಂದು ಬಾಯಿ ತೆರೆಸಿ ತೆರೆಸಿ ಹಾಕಿದರು.

ಅವತ್ತು ಮಧ್ಯಾಹ್ನ ಖಾಲಿ ತಂಬಿಗೆ ತೊಳೆಯಲು ನಾನು ಅಂಗಳಕ್ಕೆ ಒಯ್ದೆ. ಕಿರಿದಾದ ಕಂಠ, ಒಳಗೆ ಕಣ್ಣು ಹಾಯುವುದಿಲ್ಲ. ಅದುವರೆಗೆ ಬರೀ ನೀರು ಹಾಕಿ ಜಾಲಿಸುತ್ತಿದ್ದೆವು, ಅವತ್ತು ಬೂದಿ ಹಾಕಿ ನಾಲ್ಕು ಬೆರಳು ಇಳಿಸಿ ತಿಕ್ಕಿದೆ. ಹೊರಗೆ ತೆಗೆದರೆ ಬೆರಳಿಗೆ ಹಸಿರು ಲೋಳೆ ಹತ್ತಿತ್ತು. ಬಿಸಿಲಿಗೆ ಹಿಡಿದು ಬಗ್ಗಿ ನೋಡಿದೆ. ಬೆಳ್ಳಗಿರಬೇಕಾದ ಒಳಮೈ ಬರೀ ಹಳದಿ, ಬುಡದಲ್ಲಿ ಹಸಿರು.

ಹಾಗೇ ಕೈ ಚಾಚಿಕೊಂಡು ಒಳಗೆ ಹೋದೆ. ಅತ್ತೆ ನನ್ನ ಬೆರಳು ನೋಡಿದರು, ತಂಬಿಗೆ ನೋಡಿದರು. ಆಮೇಲೆ ಮುಚ್ಚಿದ ತಲೆಬಾಗಿಲಿನ ಕಡೆ ತಿರುಗಿದರು.

‘ಆಗಿಲ್ರಿ ಅಂದಾನ ಅಂವ’ ಅಂದರು. ‘ಕಲಾಯಿ ಆಗಿಲ್ರಿ, ಹುಳಿ ಹಾಕಬ್ಯಾಡ್ರಿ ಅಂತ ಹೇಳಲಿಕ್ಕ ನಿಂತಿದ್ದ, ವಿಮಲಾ. ನಾ ಆಗ್ಯಾವ ಅಂತ ತಿಳಕೊಂಡೆ.’

ನಮ್ಮ ಭಾಷೆಯ ಗುಣವೇ ಹಾಗೆ. ಆಯಿತೋ ಇಲ್ಲವೋ ಎನ್ನುವುದು ಮಾತಿನ ಬಾಲದಲ್ಲಿ ಇರುತ್ತದೆ. ಕೊನೆಯವರೆಗೆ ಕೇಳದಿದ್ದರೆ ಎರಡೂ ಒಂದೇ. ಅಯ್ಯುಬ ಹಳೆಯ ಕಲಾಯಿ ಕೆರೆದು ತಿಕ್ಕಿದ್ದ, ಹೊಸದು ಹಾಕಲು ಹೊತ್ತು ಸಿಕ್ಕಿರಲಿಲ್ಲ. ಜೀವ ಕೈಯಲ್ಲಿ ಹಿಡಿದು ಓಡುವ ಹೊತ್ತಿನಲ್ಲಿ ಅದನ್ನು ಹೇಳಿ ಹೋಗಲು ಬಂದಿದ್ದ. ಅತ್ತೆ ಕೂಗಿದರು ನಿಜ, ಬೀಸುಕಲ್ಲು ಬಿಟ್ಟು ನಾನಾದರೂ ಎದ್ದು ಹೋಗಿ ಕೇಳಿದ್ದೆನೇ? ಇಲ್ಲ.

ಅತ್ತೆ ಅಳಲಿಲ್ಲ. ಎದ್ದು ಅಂಗಳಕ್ಕೆ ಹೋಗಿ ಗೂಡಿನಿಂದ ಆ ನೀಲಿ ಹೂವಿನ ಬಟ್ಟಲು ತೆಗೆದರು, ಚೀನಿ ಮಣ್ಣಿಗೆ ಕಿಲುಬು ಹಿಡಿಯುವುದಿಲ್ಲ. ಹುಣಸೆ ಹಚ್ಚಲಿಲ್ಲ, ಬೂದಿ ಹಚ್ಚಲಿಲ್ಲ, ಎರಡು ಸಲ ನೀರಿನಲ್ಲಿ ಜಾಲಿಸಿದರು, ಅಷ್ಟೇ. ಒಳಗೆ ತಂದು ಅದರಲ್ಲೇ ಒಂದು ಹಣ್ಣು ಹಿಂಡಿದರು. ನಮ್ಮಲ್ಲಿ ಲಿಂಗಕ್ಕೆ ತೋರಿಸದೆ ಏನನ್ನೂ ಬಾಯಿಗೆ ಇಡುವುದಿಲ್ಲ. ಮಗನ ಕೊರಳ ಲಿಂಗದ ಮುಂದೆ ಬಟ್ಟಲು ಹಿಡಿದಾಗ ಅವರ ಕೈ ಒಂದು ಗಳಿಗೆ ತಡೆಯಿತು. ‘ನಿನಗ ತಿಳೀದೇನದ’ ಎಂದು ಲಿಂಗಕ್ಕೆ ಹೇಳಿ, ಬಟ್ಟಲು ಮಗನ ತುಟಿಗೆ ಹಚ್ಚಿದರು. ಅವತ್ತಿನಿಂದ ಹಿಂಡಿದ್ದನ್ನು ಹಿಂಡಿದ ಹಾಗೇ ಕೊಟ್ಟರು, ಎರಡು ತಾಸಿಗೊಂದು ಹಣ್ಣು, ಹಗಲೂ ಇರುಳೂ. ಅದಾದ ನಾಲ್ಕನೆಯ ದಿನ ನಮ್ಮವರು ಕಣ್ಣು ತೆರೆದು, ‘ಇವತ್ತ ಛೊಲೋ ಸಿಹಿ ಅದಲ್ಲ ಅವ್ವಾ’ ಅಂದರು. ಆಗ ಅತ್ತೆ ಅತ್ತರು.

ಇಪ್ಪತ್ತೊಂದು ದಿನಕ್ಕೆ ಅವರು ಗೋಡೆ ಹಿಡಿದು ನಡೆದರು. ಬಟ್ಟಲು ಗೂಡಿಗೆ ತಿರುಗಿ ಹೋಗಲಿಲ್ಲ, ಅಡುಗೆ ಮನೆಯಲ್ಲಿ ಉಳಿಯಿತು. ಎದುರು ಮನೆಯ ಸುಂದರಬಾಯಿ ಅದನ್ನು ಕಂಡು, ‘ತುರಕರ ಬಟ್ಟಲ ಒಳಗ...’ ಎಂದು ಶುರು ಮಾಡಿದಳು. ಅತ್ತೆ ಅವಳ ಮಾತು ಪೂರ್ತಿ ಮುಗಿಯುವವರೆಗೆ ಕಾದರು, ಅದೇ ಒಂದು ಆಶ್ಚರ್ಯ. ಆಮೇಲೆ, ‘ಹೌದು. ಅದೇ ಬಟ್ಟಲ’ ಅಂದರು. ತಲೆಬಾಗಿಲನ್ನು ಆ ಮೇಲೆ ಹಗಲು ಹೊತ್ತು ಯಾರೂ ಹಾಕುವ ಹಾಗಿರಲಿಲ್ಲ. ಬೀದರಿನ ಗಂಜ್ ಪೇಟೆಗೆ ಕಾಳು ಹೇರಿಕೊಂಡು ಹೋಗುವ ಬಂಡಿಯವರನ್ನೆಲ್ಲ ನಿಲ್ಲಿಸಿ, ‘ಕಲಾಯಿ ಅಯ್ಯುಬ ಕಂಡ್ರ ಹೇಳ್ರಿ, ಅನುಸೂಯಾಬಾಯಿ ತಂಬಿಗಿ ಹಂಗೇ ಅವ ಅಂತ’ ಎನ್ನುತ್ತಿದ್ದರು. ಬೇರೆ ಕಲಾಯಿಗಾರ ಬಂದರೆ ಕೊಡಲಿಲ್ಲ. ತಪ್ಪಾಯಿತು ಎಂದು ಅಯ್ಯುಬನಿಗೆ ಎದುರಿಗೆ ನಿಂತು ಹೇಳಬೇಕು, ಅವನು ಮೊದಲಿನ ಹಾಗೆ ಕೂತು ತಮ್ಮ ಕೈಯ ರಸ ಕುಡಿಯಬೇಕು. ಅದೊಂದೇ ಅವರ ಹಟ.

ಅಯ್ಯುಬ ಬಂದದ್ದು ಮುಂದಿನ ಯುಗಾದಿಯ ಹೊತ್ತಿಗೆ. ಗಡ್ಡ ಬೆಳ್ಳಗಾಗಿತ್ತು. ಬಾಗಿಲು ತೆರೆದೇ ಇದ್ದರೂ ಓಣಿಯಲ್ಲೇ ನಿಂತು ಕರೆದ. ಅತ್ತೆ ಓಡಿ ಹೋಗಿ ಒಳಗೆ ಬಾ ಎಂದ ಮೇಲೆ ಬೇವಿನಡಿ ತಿದಿ ಇಳಿಸಿ, ರೂಢಿಯಂತೆ ಗೂಡಿನ ಕಡೆ ಕಣ್ಣು ಹಾಯಿಸಿದ. ಗೂಡು ಖಾಲಿ. ಒಡೆದು ಹಾಕಿದ್ದಾರೆ ಎಂದು ತಿಳಿದನೋ ಏನೋ, ಬೊಗಸೆ ಒಡ್ಡಿ, ‘ಇದ್ರಾಗೇ ಒಂದಿಷ್ಟು ನೀರು ಹಾಕ್ರಿ ಬಾಯಾರ, ಸಾಕು’ ಅಂದ.

ಆ ಬೊಗಸೆ ನೋಡಿ ಅತ್ತೆಗೆ ತಡೆಯಲಿಲ್ಲ. ‘ಆ ಬಟ್ಟಲ ಒಳಗದ ಅಯ್ಯುಬಭಾಯಿ. ನನ್ನ ಮಗ ಅದ್ರಾಗ ಕುಡಿದು ಉಳಿದಾನ’ ಎಂದು ಎಲ್ಲವನ್ನೂ ಹೇಳಿದರು. ಅದುವರೆಗೆ ಅವನನ್ನು ಬರೀ ಹೆಸರು ಹಿಡಿದು ಕರೆಯುತ್ತಿದ್ದರು. ‘ನೀ ಆಗಿಲ್ರಿ ಅಂದಿ. ನಾ ಪೂರಾ ಕೇಳಲಿಲ್ಲ. ತಪ್ಪಾತು.’

ಅಯ್ಯುಬ ಬೊಗಸೆ ಇಳಿಸಿದ. ‘ನಾ ಆ ಮಾತ ಹೇಳಿದ್ದು ಖರೆ’ ಅಂದ. ‘ಆದ್ರ ಅದಕ್ಕಂತ ಬಂದಿದ್ದಿಲ್ರಿ. ತಂಬಿಗಿ ಒಂದು ನೆಪ. ನಜಮೋದ್ದೀನಗ ನಿಮ್ಮ ಮನ್ಯಾಗ ಎರಡು ದಿನ ಕೂಡಿಸ್ರಿ ಅಂತ ಕೇಳಲಿಕ್ಕ ಬಂದಿದ್ದೆ. ಖಾಕಿ ಹಾಕಿದ್ದ, ಅವನ ಮ್ಯಾಲ ಎಲ್ಲಾರ ಕಣ್ಣಿತ್ತು. ನಿಮ್ಮ ಮಗ ಕ್ಯಾಂಪಿನಾಗ ಇದ್ರು, ನಿಮ್ಮ ಮನಿಗಿ ಯಾರೂ ಕೈ ಹಾಕ್ತಿದ್ದಿಲ್ಲ. ಬಾಗಿಲ ತೆಗೀಲಿಲ್ಲ ನೀವು. ನಮ್ಮ ಜೋಡಿ ಕರಕೊಂಡು ಹೋದೆ. ಜನವಾಡದ ಈ ಕಡಿ ಮಂದಿ ಬೆನ್ನ ಹತ್ತಿದ್ರು, ಅಂವ ಹೊಲದಾಗ ಓಡಿದ. ಅಲ್ಲಿಂದ ಇಲ್ಲೀತನಕ ಸುದ್ದಿ ಇಲ್ಲ.’

ಅತ್ತೆ ಒಳಗೆ ಹೋಗಿ ಎರಡೂ ತಂಬಿಗೆ ತಂದು ಅವನ ಮುಂದೆ ಇಟ್ಟರು.

ಅಯ್ಯುಬ ಕುಣಿ ತೋಡಿ ತಂಬಿಗೆ ಎರಡಕ್ಕೂ ಕಲಾಯಿ ಮಾಡಿದ. ಅತ್ತೆ ರಸ ಹಿಂಡಿ ಅದೇ ಬಟ್ಟಲಿನಲ್ಲಿ ತಂದು, ಮೇಲಿನಿಂದ ಸುರಿಯದೆ, ಕೈಗೆ ಕೊಡಲು ಹೋದರು. ‘ಬ್ಯಾಡ್ರಿ’ ಅಂದ. ಸಿಟ್ಟಿನಿಂದ ಅನ್ನಲಿಲ್ಲ, ಅದರಿಂದಲೇ ನನಗೆ ಹೆಚ್ಚು ನೋವಾಯಿತು. ನೀರು ಸಹ ಕುಡಿಯದೆ ಹೋದ.

ಅದಾದ ಮೇಲೆ ಏಳು ವರ್ಷ, ವರ್ಷಕ್ಕೆರಡು ಸಲ, ಅವನು ಬಂದ. ಕಲಾಯಿ ಮಾಡಿದ, ನಮ್ಮ ಮಕ್ಕಳನ್ನು ಮಾತಾಡಿಸಿದ. ಪ್ರತಿ ಸಲವೂ ಅತ್ತೆ ಹಿಂಡಿ ತರುತ್ತಿದ್ದರು, ಪ್ರತಿ ಸಲವೂ ಅವನು ಬ್ಯಾಡ್ರಿ ಅನ್ನುತ್ತಿದ್ದ. ಒಮ್ಮೆ ನನಗೇ ರೇಗಿ, ‘ಯಾಕ ಕೊಡ್ತೀರಿ ಅತ್ತಿ, ಅಂವ ಕುಡಿಯಾಂವಲ್ಲ’ ಅಂದೆ. ‘ಕೊಡೋದು ನಂದು ವಿಮಲಾ. ಬ್ಯಾಡ ಅನ್ನೋದು ಅಂವಂದು. ಕಸಗೊಂಡ್ರ ಕಹಿ ಆಗ್ತದ’ ಅಂದರು. ಆ ರಸವನ್ನು ಯಾರಿಗೂ ಕೊಡದೆ ಬೇವಿನ ಬುಡಕ್ಕೆ ಸುರಿಯುತ್ತಿದ್ದರು.

ಹೈದರಾಬಾದ್ ರಾಜ್ಯ ಒಡೆದು ನಮ್ಮ ಜಿಲ್ಲೆ ಮೈಸೂರಿಗೆ ಸೇರುವ ಸುದ್ದಿ ಊರೆಲ್ಲ ಹರಡಿದ್ದ ತಿಂಗಳು ಅದು. ಅಯ್ಯುಬ ತಿದಿ ಇಲ್ಲದೆ ಬಂದ. ತೊಳೆದ ಬಿಳಿ ಅಂಗಿ ತೊಟ್ಟಿದ್ದ, ತಲೆಗೆ ಟೊಪ್ಪಿಗೆ.

‘ಬಾಯಾರ, ಎಂಟು ವರ್ಷ ಆತು. ಸತ್ತ ಸುದ್ದಿ ಬಂದಿಲ್ಲ ಅಂತ ತಮ್ಮಗ ಸತ್ತವರಿಗಿ ಓದೋ ಫಾತೇಹಾ ಕೊಟ್ಟಿದ್ದಿಲ್ಲ. ಕೊಟ್ರ ನಾನೇ ಸಾಯಿಸಿದಂಗ ಅಂತಿದ್ದೆ. ಇನ್ನ ಬರಾಂವಲ್ಲ ಅಂವ. ಇವತ್ತ ಕೊಡ್ತೀನಿ. ಅದಕ್ಕ ಶರಬತ್ತು ಬೇಕು, ನಿಮ್ಮ ಕೈದೇ ಬೇಕು. ಅವನ ಜೀವಕ್ಕ ಆಸರ ಕೇಳಲಿಕ್ಕ ಬಂದ ಮನಿ ಇದು. ಇಲ್ಲಿಂದೇ ಕಳಸ್ತೀನಿ.’

ಡಾಬಕಾದ ಮೋಸಂಬಿ ಮನೆಯಲ್ಲಿದ್ದವು. ಅತ್ತೆ ಕೂತು ಹಿಂಡಿದರು. ಅಷ್ಟು ಹೊತ್ತಿಗೆ ಅವರ ಬೆರಳು ಸೊಟ್ಟಗಾಗಿದ್ದವು, ಅರಿವೆ ತಿರುವಲು ನಾನು ಕೈ ಚಾಚಿದರೆ ತಳ್ಳಿದರು. ಕಲಾಯಿಯ ತಂಬಿಗೆಯಲ್ಲಿ ಹಿಡಿದು ನೀಲಿ ಹೂವಿನ ಬಟ್ಟಲಿಗೆ ಬಗ್ಗಿಸಿದರು. ಅಯ್ಯುಬನನ್ನು ಅಂಗಳದಲ್ಲಿ ಕೂರಿಸಲಿಲ್ಲ, ಪಡಸಾಲೆಯಲ್ಲಿ ಚಾಪೆ ಹಾಸಿದರು. ನಮ್ಮವರೂ ಬಂದು ಕೂತರು.

ಅಯ್ಯುಬ ಬಟ್ಟಲು ಮುಂದಿಟ್ಟುಕೊಂಡು ಎರಡು ಕೈ ಎತ್ತಿ ಓದತೊಡಗಿದ. ಅರಬ್ಬಿಯ ಒಂದು ಅಕ್ಷರವೂ ನಮಗೆ ತಿಳಿಯುವಂತಿರಲಿಲ್ಲ. ನಡುವೆ ಸುಂದರಬಾಯಿ ಬಾಗಿಲಿಗೆ ಬಂದು, ‘ಅನುಸೂಯಾಬಾಯಿ...’ ಎಂದಳು. ನಾನು ಕೈ ಮಾಡಿ ತಡೆದೆ. ಅತ್ತೆ ಅತ್ತ ತಿರುಗಲೇ ಇಲ್ಲ. ಕಣ್ಣು ಮುಚ್ಚಿ, ಕಿವಿ ಮುಂದೆ ಮಾಡಿ ಕೂತಿದ್ದರು. ಅಯ್ಯುಬ ಓದು ನಿಲ್ಲಿಸಿ ಎರಡು ಕೈಯಿಂದ ಮುಖ ಸವರಿಕೊಂಡ. ಆಮೇಲೂ ಅವರು ಅಲುಗಲಿಲ್ಲ.

‘ಮುಗೀತೇನು ಅಯ್ಯುಬಭಾಯಿ?’ ಎಂದು ಕೇಳಿದರು.

‘ಮುಗೀತ್ರಿ ಬಾಯಾರ’ ಅಂದ. ಬಟ್ಟಲೆತ್ತಿ ಒಂದು ಗುಟುಕು ಕುಡಿದು ಅತ್ತೆಯ ಕೈಗೆ ಕೊಟ್ಟ. ಅವರು ಅದನ್ನು ಲಿಂಗಕ್ಕೆ ತೋರಿಸಿ, ಉಳಿದದ್ದನ್ನು ಕುಡಿದರು.